ಕುರ್ಚಿ ಹಿಡಿಸುವ ಡಿಕ್ಕಿ

ಕಾರಿನ ಹಿಂದುಗಡೆ ಸಾಮಾನು ಇಡುವ ಜಾಗಕ್ಕೆ ನಮ್ಮ ಕಡೆ ಡಿಕ್ಕಿ ಎನ್ನುತ್ತೇವೆ. ಎರಡು ಗಾಡಿಗಳು ಹೊಡೆದುಕೊಂಡರೂ ಡಿಕ್ಕಿ ಎಂದೇ ಹೇಳುತ್ತೇವೆ. ಎರಡನ್ನೂ ಚಿಕ್ಕಂದಿನಿಂದ ಆಡಿಕೊಂಡು ಬಂದವನು ನಾನು. ಒಂದರ ಜಾಗದಲ್ಲಿ ಇನ್ನೊಂದು ಕೇಳಿಸಬಹುದು ಎಂದು ಯಾವತ್ತೂ ಹೊಳೆದಿರಲಿಲ್ಲ.

ನಮ್ಮ ಹಳೆಯ ಕಾರು ಚಿಕ್ಕದು. ಹಿರೇಹಳ್ಳಿಯ ಕಾರ್ಖಾನೆಗೆ ದಿನಾ ಓಡಾಡಬೇಕಲ್ಲ, ಪೆಟ್ರೋಲು ದುಬಾರಿಯಾಯಿತೆಂದು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ್ದೆ. ಸಿಲಿಂಡರ್ ಡಿಕ್ಕಿಯ ತುಂಬ ಮಲಗಿತ್ತು. ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗಾಲು ಸೋತು, ಮನೆಗೆ ಗಾಲಿಕುರ್ಚಿ ಬಂದ ಮೇಲೆ ಆ ಸಿಲಿಂಡರ್ ಎಷ್ಟು ಜಾಗ ತಿಂದಿದೆ ಎಂಬುದು ಅರ್ಥವಾಯಿತು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಕೂತರೆ ಕಾರು ತುಂಬಿತು. ಕುರ್ಚಿ ಶೆಟ್ಟಿಹಳ್ಳಿಯ ಮನೆಯ ವರಾಂಡದಲ್ಲೇ ಉಳಿಯುತ್ತಿತ್ತು.

ಹಾಗೆ ಕುರ್ಚಿ ಬಿಟ್ಟು ಒಮ್ಮೆ ಕುಣಿಗಲ್ಲಿಗೆ ಒಂದು ಮದುವೆಗೆ ಹೋಗಿದ್ದೆವು. ಛತ್ರದ ಬಾಗಿಲವರೆಗೆ ಅಮ್ಮನನ್ನು ನಾನು ಎತ್ತಿಕೊಂಡು ಹೋಗಿ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂರಿಸಿದೆ. ಬಂದವರೆಲ್ಲ ಮಾತಾಡಿಸಿ ಮುಂದೆ ಹೋದರು. ಧಾರೆ ಆಯಿತು, ಊಟದ ಪಂಕ್ತಿಗಳು ಎದ್ದವು. ಅಮ್ಮ ಕೂತಲ್ಲೇ ಇದ್ದಳು. ಊಟದ ಎಲೆಯನ್ನೂ ಅಲ್ಲಿಗೇ ತಂದುಕೊಟ್ಟೆವು. ವಾಪಸ್ ಬರುವಾಗ ಹೆಬ್ಬೂರು ದಾಟಿದ ಮೇಲೆ ನನ್ನ ಹೆಂಡತಿ, "ಅತ್ತೆ, ನೀರೇ ಕುಡೀಲಿಲ್ವಲ್ಲ ನೀವು," ಎಂದಳು.

"ಕುಡುದ್ರೆ ಎದ್ದೋಗ್ಬೇಕಲ್ಲಮ್ಮ," ಎಂದಳು ಅಮ್ಮ. "ಯಾರ್ನ ಕರೀಲಿ, ಅಷ್ಟು ಜನದಾಗೆ."

ದೊಡ್ಡ ಕಾರಿನ ಯೋಚನೆ ನನಗೆ ಹುಟ್ಟಿದ್ದು ಅಲ್ಲಿ.

ಅದಾದ ಸ್ವಲ್ಪ ದಿನಕ್ಕೆ ಹುಲಿಯೂರುದುರ್ಗದಿಂದ ನನ್ನ ಸೋದರಮಾವ ಬಂದ. ಅಮ್ಮನಿಗೆ ಇರುವ ಒಬ್ಬನೇ ತಮ್ಮ. ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಹಾಲು ಉಕ್ಕಿಸುವವಳು ಅಕ್ಕನೇ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದ. ನಮ್ಮಲ್ಲಿ ಅದು ಮನೆಯ ಹೆಣ್ಣುಮಗಳಿಗೆ ಸಲ್ಲುವ ಕೆಲಸ. ಹೊಸ ಒಲೆಯ ಮೇಲೆ ಅವಳು ಇಟ್ಟ ಹಾಲು ಉಕ್ಕಿ ಚೆಲ್ಲಿದ ಮೇಲೆಯೇ ಅದು ಮನೆಯಾಗುತ್ತದೆ.

"ನನ್ ಕೈಲಿ ಆಗ್ತದೇನ್ಲಾ," ಎಂದಳು ಅಮ್ಮ. "ನಿಂತ್ಕೊಳಕ್ಕೇ ಆಗಲ್ಲ."

"ನಿನ್ಯಾರು ನಿಂತ್ಕ ಅಂದೋರು? ಮೂರು ಇಟ್ಟಿಗೆ ಇಟ್ಟು ನೆಲದ ಮೇಲೇ ಒಲೆ ಹೂಡ್ತೀನಿ. ನೀನು ಮಾರಾಣಿ ತರ ಕುರ್ಚಿ ಮೇಲೆ ಕೂತ್ಕಂಡು ಬಗ್ಗಿ ನೋಡು. ಉಕ್ಕಿದ್ರೆ ಉಕ್ತು ಅನ್ನು, ಸಾಕು."

"ಕುರ್ಚಿ ಬರ್ಬೇಕಲ್ಲೋ ಅಲ್ಲೀಗಂಟ."

ಮಾವ ನನ್ನ ಕಡೆ ತಿರುಗಿದ. "ಏನ್ಲಾ, ನನ್ನಕ್ಕನ್ ಕುರ್ಚಿ ತರ್ತೀಯೋ ಇಲ್ವೋ?"

ತರುತ್ತೇನೆ ಎಂದೆ. ಮುಹೂರ್ತದೊಳಗೆ ಹೊಸ ಕಾರು ತಗೊಳ್ಳುತ್ತೇನೆ ಎಂದೂ ಹೇಳಿದೆ. ಆ ರಾತ್ರಿ ಅಮ್ಮ ಮೊದಲ ಸಲ ಯಾವ ಸೀರೆ ಉಡಬೇಕು ಎಂಬ ಮಾತು ಎತ್ತಿದಳು.

ಗುಬ್ಬಿಯಲ್ಲಿ ತೋಟ ನೋಡಿಕೊಂಡಿರುವ ಅಣ್ಣನಿಗೆ ಫೋನು ಮಾಡಿದಾಗ ಅವನೂ ಕುರ್ಚಿಯ ಮಾತನ್ನೇ ಎತ್ತಿದ. "ಡಿಕ್ಕಿ ದೊಡ್ದಿರಾದು ನೋಡ್ಲಾ. ಬಣ್ಣ ಗಿಣ್ಣ ಆಮೇಲೆ. ಅಮ್ಮನ್ ಕುರ್ಚಿನೂ ಹಿಡೀಬೇಕು, ನಾನು ಕೊಡೋ ಕಾಯಿ ಚೀಲಾನೂ ಹಿಡೀಬೇಕು." ಆಮೇಲೆ ಹದಿನೈದು ದಿನ ನಮ್ಮ ಮನೆಯಲ್ಲಿ ಡಿಕ್ಕಿಯದೇ ಮಾತು. ಮಕ್ಕಳು ರಸ್ತೆಯಲ್ಲಿ ಹೋಗುವ ಕಾರುಗಳ ಹಿಂಭಾಗ ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ಅಮ್ಮ ಮಾತ್ರ ಆ ಪದವನ್ನು ಬಳಸುತ್ತಿರಲಿಲ್ಲ. ಅವಳಿಗೆ ಅದು ಕಾರಿನ "ಹಿಂದ್ಲು ಗೂಡು".

ಇದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿ, ನಕ್ಕು, ಬಿಟ್ಟಿದ್ದೆ.

ಶೋರೂಮಿಗೆ ಹೋದ ದಿನ ಮಕ್ಕಳು ಶಾಲೆಗೆ ಹೋಗಿದ್ದರು. ಟೇಪಿನಲ್ಲಿ ಅಳೆದರೆ ನಂಬಿಕೆಯಿಲ್ಲ, ಕುರ್ಚಿಯನ್ನೇ ಒಯ್ದು ಇಟ್ಟು ನೋಡೋಣ ಎಂದವನು ನಾನು. ಕುರ್ಚಿಯನ್ನು ಮಡಚಿ ಹಿಂದಿನ ಸೀಟಿಗೆ ತುರುಕಿದರೆ ಗಾಲಿಗಳು ಸೀಟಿನ ಪೂರ್ತಿ ಹರಡಿಕೊಂಡವು. ಅಮ್ಮನಿಗೆ ಜಾಗ ಉಳಿಯಲಿಲ್ಲ.

"ನಾನ್ಯಾಕೆ ಬುಡು," ಎಂದಳು ಅವಳು. "ಕುರ್ಚಿ ತಗಂಡೋಗಿ ನೋಡ್ಕಂಡ್ ಬನ್ನಿ. ಅದು ಹಿಡುದ್ರೆ ನಾನು ಹಿಡುದಂಗೇ."

ಅವಳನ್ನು ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ನೀರಿನ ಚೊಂಬು, ಫೋನು ಇಟ್ಟೆವು. ಪಕ್ಕದ ಮನೆಯಾಕೆಗೆ ಆಗಾಗ ಬಂದು ನೋಡಲು ಹೇಳಿದೆವು. ಒಂದು ಆಟೋ ಕರೆದು ಅಮ್ಮನನ್ನೂ ಕರೆದುಕೊಂಡು ಹೋಗಬಹುದಿತ್ತು. ನಮ್ಮ ರಸ್ತೆಯ ತುದಿಯಲ್ಲೇ ಆಟೋ ನಿಲ್ಲುತ್ತವೆ. ಕಾರು ರಿವರ್ಸ್ ತೆಗೆಯುವಾಗ ಕನ್ನಡಿಯಲ್ಲಿ ಕಂಡದ್ದು ಹಿಂದಿನ ಸೀಟಿನಲ್ಲಿದ್ದ ಅಮ್ಮನ ಖಾಲಿ ಕುರ್ಚಿ.

ಶೋರೂಮು ಹೈವೇ ಬದಿಗೆ. ಅಲ್ಲಿನ ಹುಡುಗ ದೊಡ್ಡ ಪರದೆ, ಮೇಲಿನ ಗಾಜು, ಸೀಟಿಗೆ ಬರುವ ತಣ್ಣನೆ ಗಾಳಿ ಎಲ್ಲ ತೋರಿಸಿದ. ನಾನು ಡಿಕ್ಕಿ ತೆಗೆಸಿ ಎಂದೆ.

"ಎಲ್ರೂ ಮೈಲೇಜ್ ಕೇಳ್ತಾರೆ ಸಾರ್. ನೀವು ಹಿಂದ್ಗಡೆಯಿಂದ ಶುರು ಮಾಡ್ತಿದೀರಲ್ಲ," ಎಂದು ನಕ್ಕ. ಕುರ್ಚಿ ತಂದದ್ದು ನೋಡಿದ ಮೇಲೆ ನಗಲಿಲ್ಲ. ತಾನೇ ಒಂದು ಕಡೆ ಹಿಡಿದ.

ಮೊದಲ ಕಾರು ಏಳು ಸೀಟಿನದು. ಏಳೂ ಸೀಟು ಎತ್ತಿದರೆ ಡಿಕ್ಕಿಯಲ್ಲಿ ಒಂದು ಸ್ಕೂಲ್ ಬ್ಯಾಗು ಹಿಡಿಸುವಷ್ಟು ಜಾಗ. ಕೊನೆಯ ಸಾಲು ಮಡಚಿದರೆ ಕುರ್ಚಿ ಒಳಗೆ ಹೋಯಿತು, ಆದರೆ ಬಾಗಿಲು ಇಳಿಜಾರಾಗಿದ್ದರಿಂದ ಹಿಡಿಕೆಗಳು ಗಾಜಿಗೆ ತಾಗಿದವು. ಎರಡನೆಯದರ ಹಿಂಬಾಗಿಲು ನೆಟ್ಟಗಿತ್ತು, ಅಂಚು ತಗ್ಗಾಗಿತ್ತು. ಕುರ್ಚಿಯನ್ನು ಮಲಗಿಸಿ ತಳ್ಳಿದೆವು. ಜಾರಿಕೊಂಡು ಒಳಗೆ ಹೋಗಿ ಮಲಗಿತು. ಮೇಲೆ ಇನ್ನೂ ಎರಡು ಚೀಲ ಕಾಯಿಗೆ ಜಾಗವಿತ್ತು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅವಳು ಆಗಲೇ ಅಮ್ಮನಿಗೆ ಫೋನು ಹಚ್ಚಿದ್ದಳು.

ಅವಳು ಹೇಳಿದ್ದು ನನಗೆ ನೆನಪಿದೆ, ಪಕ್ಕದಲ್ಲೇ ನಿಂತಿದ್ದೆ. "ಅತ್ತೆ, ದೊಡ್ಡ ಡಿಕ್ಕಿ. ನಿಮ್ ಕುರ್ಚಿ ಮಡಚ್ಕೊಂಡು ಪೂರ್ತಿ ಒಳಗೋಯ್ತು. ನೀವೇನೂ ಯೋಚ್ನೆ ಮಾಡ್ಬೇಡಿ."

ಅದೇ ಹೊತ್ತಿಗೆ ನಮ್ಮ ಹಿಂದೆ ಯಾರಿಗೋ ಹೊಸ ಕಾರು ಕೊಡುತ್ತಿದ್ದರು. ಹೂವಿನ ಹಾರ, ಕೇಕು, ಫೋಟೋ ಎಲ್ಲ ಇತ್ತು. ಬಣ್ಣದ ಕಾಗದ ಚೆಲ್ಲುವ ಕೊಳವೆಯನ್ನು ಒಬ್ಬ ತಿರುಚಿದ. ಢಂ ಎಂದಿತು. ಜನ ಹೋ ಎಂದು ಕೂಗಿದರು. ಹೆಂಡತಿ ಬೆಚ್ಚಿ ಕಿವಿಯಿಂದ ಫೋನು ತೆಗೆದಳು. ಮತ್ತೆ ಇಡುವಷ್ಟರಲ್ಲಿ ಲೈನು ಕಟ್ಟಾಗಿತ್ತು.

ತಿರುಗಿ ಮಾಡಲಾ ಎಂದು ಕೇಳಿದಳು. ಮನೆಗೆ ಹೋಗಿ ಹೇಳಿದರಾಯಿತು ಎಂದೆ. ಅವಳು ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ನಾವು ಆ ಕಾರನ್ನು ಓಡಿಸಿ ನೋಡಲು ಹೊರಟೆವು.

ಹೈವೇಯಿಂದ ಹಿಂದಿರುಗುವಾಗ ಪಕ್ಕದ ಮನೆಯಾಕೆಯ ಫೋನು ನನಗೆ ಬಂತು. ಅವರ ಮೊದಲ ಮಾತು, "ನಿಮ್ಗಳಿಗೇನೂ ಆಗಿಲ್ವಲ್ಲ?" ಏನಾಗಬೇಕು ಎಂದೆ. ಅವರು ಹೇಳಿದರು, "ಅಮ್ಮ ಬಿದ್ಬಿಟ್ಟವ್ರೆ. ಬೇಗ ಬನ್ನಿ."

ಅಮ್ಮ ಮಂಚಕ್ಕೂ ಬಾಗಿಲಿಗೂ ನಡುವೆ ನೆಲದ ಮೇಲಿದ್ದಳು. ತಲೆಯ ಕೆಳಗೆ ಪಕ್ಕದ ಮನೆಯಾಕೆ ದಿಂಬು ಇಟ್ಟಿದ್ದರು. ಚೊಂಬು ಉರುಳಿ ನೀರು ಅವಳ ಸೀರೆಯ ತನಕ ಹರಿದಿತ್ತು. ನಾವು ಒಳಗೆ ಬಂದದ್ದು ನೋಡಿ ಅವಳು ನೋವಿನ ಮಾತೇ ಆಡಲಿಲ್ಲ. ನನ್ನ ಕೈ, ಕಾಲು, ಹೆಂಡತಿಯ ಮುಖ, ಒಂದೊಂದಾಗಿ ನೋಡಿದಳು.

"ಇಬ್ರೂ ನೆಟ್ಗಿದೀರಾ," ಎಂದಳು. "ಕುರ್ಚಿ ಹೋದ್ರೆ ಹೋಗ್ಲಿ ಬುಡು."

ಅವಳಿಗೆ ಕೇಳಿಸಿದ್ದು ಇಷ್ಟು: ದೊಡ್ಡ ಡಿಕ್ಕಿ, ಕುರ್ಚಿ ಮಡಚಿಕೊಂಡು ಒಳಗೆ ಹೋಯಿತು, ಯೋಚನೆ ಮಾಡಬೇಡಿ. ಆಮೇಲೆ ಆ ಸದ್ದು, ಕೂಗು. ನಮ್ಮ ಕಡೆ ಯೋಚನೆ ಮಾಡಬೇಡಿ ಎಂದು ಶುರುವಾದ ಫೋನುಗಳೆಲ್ಲ ಆಸ್ಪತ್ರೆಯಲ್ಲೋ ಸ್ಮಶಾನದಲ್ಲೋ ಮುಗಿದದ್ದನ್ನು ಅವಳು ಕಂಡವಳು. ತಿರುಗಿ ಫೋನು ಮಾಡಿದ್ದಾಳೆ. ಬ್ಯಾಗಿನೊಳಗೆ ಅದು ಬಡಿದುಕೊಂಡದ್ದು ನಮಗೆ ಕೇಳಿಸಿಲ್ಲ. ಕೂಗಿದ್ದಾಳೆ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತಂತೆ. ಯಾರನ್ನಾದರೂ ನಮ್ಮ ಬಳಿಗೆ ಕಳಿಸಬೇಕೆಂದು ಕುರ್ಚಿಯಿಲ್ಲದೆ ಬಾಗಿಲಿಗೆ ಹೊರಟಿದ್ದಾಳೆ.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಗೃಹಪ್ರವೇಶದ ದಿನ ಅವಳು ಆಸ್ಪತ್ರೆಯ ಮಂಚದಲ್ಲಿದ್ದಳು. ಮುಂದಕ್ಕೆ ಹಾಕುತ್ತೇನೆ ಎಂದು ಮಾವ ಹಟ ಹಿಡಿದ, ಅವಳೇ ಬೇಡವೆಂದಳು. ಹಾಲು ಉಕ್ಕಿಸಿದ್ದು ಮಾವನ ಮಗಳು. ಆ ವಿಡಿಯೋವನ್ನು ಮಾವ ನನ್ನ ಫೋನಿಗೆ ಕಳಿಸಿದ್ದ. ಅಮ್ಮ ಅದನ್ನು ಎರಡು ಸಲ ನೋಡಿ, "ಇಟ್ಟಿಗೆ ಚೆನ್ನಾಗಿ ಹೂಡವ್ನೆ," ಎಂದಳು.

ನನ್ನ ಹೆಂಡತಿ ಇವತ್ತಿಗೂ ಆ ಪದ ಆಡುವುದಿಲ್ಲ. ಅವಳದು ತಪ್ಪಿಲ್ಲ ಎಂದು ನಾನೂ ಅಮ್ಮನೂ ಬೇರೆ ಬೇರೆಯಾಗಿ ಹೇಳಿದ್ದೇವೆ. ತಿರುಗಿ ಮಾಡಲಾ ಎಂದು ಕೇಳಿದವಳು ಅವಳು.

ನಾವು ಅದೇ ಕಾರು ತೆಗೆದುಕೊಂಡೆವು. ಬೇಡವೆನ್ನಿಸಿತ್ತು, ಆದರೆ ಕುರ್ಚಿ ಹಿಡಿಸುವುದು ಅದರಲ್ಲೇ. ಅಮ್ಮನಿಗೆ ಸ್ವಲ್ಪ ಹೊತ್ತು ಕೂರುವ ಶಕ್ತಿ ಬಂದ ಮೇಲೆ, ಮಳೆಗಾಲ ಕಳೆದು, ಹುಲಿಯೂರುದುರ್ಗಕ್ಕೆ ಹೋದೆವು. ಮಾವ ಗೇಟಿನಲ್ಲೇ ಕಾಯುತ್ತಿದ್ದ.

"ಡಿಕ್ಕಿ ತೆಗೀಲಾ, ಕುರ್ಚಿ ಇಳ್ಸಾಣ," ಎಂದ. ನನ್ನ ಕೈ ಬೀಗದ ಮೇಲೆಯೇ ನಿಂತಿತು. ಒಳಗಿನಿಂದ ಅಮ್ಮ, "ತೆಗಿ ಅಂತಾವ್ನಲ್ಲೋ, ನಿಂತ್ಕಂಡೇ ಇದೀಯ," ಎಂದಳು.

ಮನೆಯೆಲ್ಲ ತಿರುಗಿಸಿದೆವು. ಪ್ರತಿ ಬಾಗಿಲಲ್ಲೂ ಕುರ್ಚಿ ಸಲೀಸಾಗಿ ಹೋಯಿತು. ಅದನ್ನೇ ನೋಡಿಕೊಂಡು ಅಗಲ ಇಡಿಸಿದೆ ಎಂದ ಮಾವ. ಅಡುಗೆಮನೆಯಲ್ಲಿ ಅವನ ಹೆಂಡತಿ ಹಾಲಿನ ಪಾತ್ರೆ ಸ್ಟವ್ ಮೇಲಿಟ್ಟು, ಉರಿ ದೊಡ್ಡದು ಮಾಡಿ, "ಅಕ್ಕಾ, ನೀವಿದ್ದಾಗ ಇನ್ನೊಂದು ಸಲ ಉಕ್ಕಿಸೋಣ ಅಂತ," ಎಂದರು.

ಮೂರು ಇಟ್ಟಿಗೆಯ ಒಲೆ ಎಂದೋ ತೆಗೆದಾಗಿತ್ತು. ಕಟ್ಟೆ ಅಮ್ಮನ ಗಲ್ಲದ ಮಟ್ಟಕ್ಕಿತ್ತು. ಕುರ್ಚಿಯಲ್ಲಿ ಕೂತರೆ ಪಾತ್ರೆಯ ಹೊರಮೈ ಕಾಣುತ್ತಿತ್ತು, ಹಾಲು ಕಾಣುತ್ತಿರಲಿಲ್ಲ. ಅವಳು ಕತ್ತು ಎತ್ತಿ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು.

"ಮೇಲ್ ಬಂತೇನೋ?"

"ಬರ್ತಾ ಇದೆ."

"ಸಣ್ಣ ಮಾಡಮ್ಮ," ಎಂದಳು ಮಾವನ ಹೆಂಡತಿಗೆ. "ಹೊಸ ಸ್ಟವ್ವು, ಚೆಲ್ಲಿದ್ರೆ ಹಾಳಾಗ್ತದೆ. ಎಲ್ರಿಗೂ ಕಾಫಿಗಾಗ್ಲಿ."

ಅವರು ನನ್ನ ಕಡೆ ನೋಡಿದರು. ಅವರು ಕೈ ಚಾಚಿ ಉರಿ ಇಳಿಸಿದರು. ಅಂಚಿನವರೆಗೆ ಬಂದಿದ್ದ ಹಾಲು ಕೆಳಗಿಳಿಯಿತು.