ಲೋಕಯ್ಯ ಆಚಾರಿಯ ಆರು ಬೋಲ್ಟು

ಕಾರಡ್ಕದ ಲೋಕಯ್ಯ ಆಚಾರಿ ಶಾಲೆಗೆ ಹೋದದ್ದು ಎರಡೇ ಎರಡು ಮಳೆಗಾಲ. ಮೂರನೆಯ ಮಳೆಗಾಲಕ್ಕೆ ಅಪ್ಪನ ಕುಲುಮೆಯ ಮುಂದೆ ತಿದಿ ಒತ್ತಲು ಕೂತವನು ಎದ್ದದ್ದು ಮೀಸೆ ಬಂದ ಮೇಲೆ. ಆ ಮೀಸೆಯೋ, ಎರಡೂ ತುದಿ ಕೊಡಲಿಯ ಬಾಯಿಯ ಹಾಗೆ ಮೇಲಕ್ಕೆ ಬಾಗಿ, ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದು ಮಾತನಾಡಬೇಕು. ಸಂತೆಯಲ್ಲಿ ಜನ ಮೊದಲು ಮೀಸೆಯ ಕ್ಷೇಮ ಕೇಳಿ ಆಮೇಲೆ ಅವನ ಕ್ಷೇಮ ಕೇಳುತ್ತಿದ್ದರು.

ಕತ್ತಿ, ಕೊಡಲಿ, ನೇಗಿಲಗುಳ ಮಾಡಿಕೊಂಡಿದ್ದವನನ್ನು ಮೋಟಾರಿನ ಹುಚ್ಚು ಹಿಡಿದದ್ದು ಯುದ್ಧದ ಕಾಲದಲ್ಲಿ. ದಾರಿಯಲ್ಲಿ ಕೆಟ್ಟು ನಿಂತ ಮಿಲಿಟರಿ ಲಾರಿಯೊಂದಕ್ಕೆ ಸ್ಪ್ರಿಂಗು ಪಟ್ಟೆಯ ಪಿನ್ನು ಬಡಿದುಕೊಟ್ಟ. ಏನು ಬೇಕು ಎಂದು ಕೇಳಿದರೆ, ಒಂದು ಸ್ಪಾನರು ಸಾಕು ಎಂದ. ಆ ಸ್ಪಾನರು ಹಿಡಿದೇ ರಸ್ತೆ ಬದಿಗೆ ಒಂದು ತೆಂಗಿನ ಮಡಲಿನ ಶೆಡ್ಡು ಕಟ್ಟಿದ. ಕಲಿಸಿದವರು ಯಾರೂ ಇಲ್ಲ. ಬಿಚ್ಚಿದ, ನೋಡಿದ, ಪುನಃ ಜೋಡಿಸಿದ. ಜೋಡಿಸಿ ಎರಡು ತುಂಡು ಉಳಿದರೆ ಪುನಃ ಬಿಚ್ಚಿದ. ವಿದ್ಯೆ ಬಂದದ್ದು ಹಾಗೆ.

ಯುದ್ಧ ಮುಗಿದು ಐದಾರು ವರ್ಷವಾದ ಮೇಲೆ ಒಂದು ದಿನ ಮೀಂಜದ ಜಯಪಾಲ ಬಲ್ಲಾಳರ ಕಾರು ಗುಡುಗುತ್ತ ಶೆಡ್ಡಿಗೆ ಬಂತು. ಎಂಟು ಸಿಲಿಂಡರಿನ ಅಮೇರಿಕದ ಕಾರು. ಬಲ್ಲಾಳರಿಗೆ ತೋಟ, ಗದ್ದೆ, ವ್ಯಾಜ್ಯ ಯಾವುದರ ಮೇಲೂ ಮನಸ್ಸಿಲ್ಲ, ವೇಗದ ಮೇಲೆ ಮಾತ್ರ. ಒಂದು ಕಾರ್ಬುರೇಟರು ಇದ್ದಲ್ಲಿ ಎರಡು ಕೂರಿಸಿದ್ದರು. ಎಂಜಿನಿಗೆ ಆನೆಯ ಬಲ ಬಂದು, ಪಾಪದ ಹಳೆಯ ಕ್ಲಚ್ಚಿಗೆ ಆ ಬಲವನ್ನು ಹಿಡಿದು ಗಾಲಿಗೆ ದಾಟಿಸಲು ಆಗುತ್ತಿರಲಿಲ್ಲ.

"ಲೋಕಯ್ಯಾ, ಮಿಲಿಟರಿ ಲಾರಿಯ ದೊಡ್ಡ ಕ್ಲಚ್ಚು ತಂದಿದ್ದೇನೆ. ಅದರ ಫ್ಲೈವೀಲೂ ಉಂಟು. ಕೂರಿಸಿಕೊಡು. ದೀಪಾವಳಿಗೆ ಕಾರಡ್ಕದ ಏರನ್ನು ಉಸಿರು ಬಿಡದೆ ಹತ್ತಬೇಕು."

"ಕೂರಿಸುವ ಧನಿ. ಆದರೆ ಬೋಲ್ಟು?"

ಲೋಕಯ್ಯ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಫ್ಲೈವೀಲೆಂದರೆ ಎಂಜಿನಿನ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರ. ಈ ಚಕ್ರ ಅರ್ಧ ಮುಡಿ ಅಕ್ಕಿಯಷ್ಟು ತೂಗುತ್ತಿತ್ತು. ಕ್ಲಚ್ಚು ಅದರ ಬೆನ್ನಿಗೆ ಒತ್ತಿ ಕೂರುತ್ತದೆ. ಅದು ಮಿನಿಟಿಗೆ ಮೂರು ಸಾವಿರ ಸುತ್ತು ತಿರುಗುವಾಗ ಎಂಜಿನಿಗೆ ಕಚ್ಚಿಸಿ ಹಿಡಿಯುವುದು ಆರೇ ಆರು ಬೋಲ್ಟು. ಅವು ಕೈಕೊಟ್ಟರೆ ಚಕ್ರ ಕಾರಿನ ನೆಲ ಹರಿದು ಕೂತವರ ಕಾಲು ಕೇಳುತ್ತದೆ. ಹೊಸ ಚಕ್ರ ದಪ್ಪ, ಹಳೆಯ ಬೋಲ್ಟು ಮೋಟು. ಹೊಸತು ಬೇಕೇ ಬೇಕು.

ಅಲ್ಲಿಂದ ಶುರುವಾಯಿತು ಬೋಲ್ಟಿನ ಹುಡುಕಾಟ. ಹೆಣ್ಣು ನೋಡಲು ಹೋಗುವಾಗ ಕೂಡ ಲೋಕಯ್ಯ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ ಎಂದು ಅವನ ಹೆಂಡತಿ ಅಕ್ಕುವೇ ಹೇಳುತ್ತಿದ್ದಳು. ಕಾಸರಗೋಡಿನ ಅಂಗಡಿಯ ಬೋಲ್ಟು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ದಾರ ಕಟ್ಟಿ ತೂಗಿಸಿ ಸುತ್ತಿಗೆಯಲ್ಲಿ ಮುಟ್ಟಿದರೆ 'ಡಬ್' ಎಂದಿತು. "ಬೇಯಿಸಿದ ಗೆಣಸು" ಎಂದು ಹಿಂದೆ ಕೊಟ್ಟ. ಅಕ್ಕಿ ಮಿಲ್ಲಿನ ಬೋಲ್ಟು 'ಠಣ್' ಎಂದಿತು, ಸ್ವರ ಒಳ್ಳೆಯದು. ಆದರೆ ಮೈಮೇಲಿನ ತಿರುಪಿನ ಥ್ರೆಡ್ಡು ಒರಟು, ಎರಡು ಸುತ್ತು ಹೋಗಿ ಮೊಂಡು ಎತ್ತಿನಂತೆ ನಿಂತಿತು. ಇನ್ನೊಂದರ ತಲೆ ಎತ್ತರ, ತಿರುಗುವಾಗ ಕ್ಲಚ್ಚಿಗೆ ಉಜ್ಜುತ್ತದೆ.

ಆಗ ಬಂದವನು ವಾಸಪ್ಪ. ಆ ದಾರಿಯ ಬಸ್ಸಿನ ಡ್ರೈವರು, ಯುದ್ಧದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದವನು. ಮುಖ ಕನ್ನಡಿಯಂತೆ ಬೋಳು. ಹೆಮ್ಮೆಯೆಲ್ಲ ಬಸ್ಸಿನ ರಬ್ಬರ್ ಬುರುಡೆಯ ಹಾರನಿನಲ್ಲಿ. ಅವನು ಎಣ್ಣೆಕಾಗದ ಸುತ್ತಿದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟ.

"ತಗೊ ಆಚಾರಿ. ಡಬ್ಬಿಯ ಮಾಲು. ಕಣ್ಣು ಮುಚ್ಚಿ ಹಾಕು."

ಲೋಕಯ್ಯ ಕಣ್ಣು ಮುಚ್ಚಲಿಲ್ಲ. ಬೋಲ್ಟನ್ನು ಬೆಳಕಿಗೆ ಹಿಡಿದ. "ವಾಸಪ್ಪಣ್ಣ, ಇದರ ತಲೆಯ ಬುಡದವರೆಗೂ ಥ್ರೆಡ್ಡು ಉಂಟು. ಚಕ್ರ ಕೂರುವ ಜಾಗದಲ್ಲಿ ಕುತ್ತಿಗೆ ನುಣ್ಣಗೆ ಇರಬೇಕು. ಗೀರು ಹಾಕಿದ ಕೋಲು ಮುರಿಯುವುದು ಎಲ್ಲಿ? ಗೀರಿನಲ್ಲೇ ಅಲ್ವಾ?"

"ಎಂತ ಮಾರಾಯ! ನಾನು ಕಮಾಂಡರ ಜೀಪಿಗೆ ಬೋಲ್ಟು ಹಾಕಿದವ. ನೀನು ಕತ್ತಿ ಬಡಿದವ."

"ಕತ್ತಿ ಬಡಿದ ಕಾರಣವೇ ಗೊತ್ತುಂಟು."

ವಾಸಪ್ಪನ ಬೋಳು ಮುಖ ಕೆಂಪಾಯಿತು. "ಹಾಗಾದರೆ ನಿನ್ನ ಗುಜರಿ ಬೋಲ್ಟು ಹಾಕು. ದೀಪಾವಳಿ ದಿನ ಏರಿನ ಕೆಳಗಿನ ಮೋರಿಯಿಂದ ಹೊರಡುವ. ನನ್ನ ಬಸ್ಸಿಗಿಂತ ಮೊದಲು ಮೇಲಿನ ಅಶ್ವತ್ಥಕಟ್ಟೆ ಮುಟ್ಟಬೇಕು, ಬೋಲ್ಟು ಆರೂ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಕಟ್ಟೆಯ ಮೇಲೆ ಕೂತು ಮೀಸೆ ಬೋಳಿಸು!"

ಶೆಡ್ಡಿನಲ್ಲಿದ್ದವರೆಲ್ಲ ಹತ್ತಿರ ಬಂದು ನಿಂತರು. ಲೋಕಯ್ಯ ಮೀಸೆಯ ಎಡತುದಿ ಮುಟ್ಟಿದ, ಬಲತುದಿ ಮುಟ್ಟಿದ. "ಆಯಿತು. ನೀನು ಸೋತರೆ ಹಾರನು ನನಗೆ."

ಹಾರನು ಎಂದ ಕೂಡಲೇ ವಾಸಪ್ಪ ತಿರುಗಿ ಹೊರಗೆ ನಿಂತ ಬಸ್ಸನ್ನು ನೋಡಿದ. ಆದರೆ ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ?

ಮರುದಿನವೇ ಲೋಕಯ್ಯ ಮಂಗಳೂರಿನ ಬಂದರಿನ ಗುಜರಿ ಅಂಗಡಿಯಲ್ಲಿ ಕೂತ. ಒಂದೊಂದು ಬೋಲ್ಟಿಗೂ ದಾರ ಕಟ್ಟಿ ಸಾಲಾಗಿ ತೂಗಹಾಕಿ ಬಡಿಯುತ್ತಿದ್ದರೆ, ಅಂಗಡಿಯವನು, "ಭಜನೆಗೆ ತಾಳ ಬೇಕಾದರೆ ಪಕ್ಕದ ಅಂಗಡಿ" ಎಂದ. ಮಧ್ಯಾಹ್ನ ಕಳೆದು ಹೊಟ್ಟೆ ತಾಳ ಹಾಕುವ ಹೊತ್ತಿಗೆ ಒಂದು ಒಡೆದ ಚಕ್ರದಲ್ಲಿ ಕೂತಿದ್ದ ಏಳು ಬೋಲ್ಟು ಸಿಕ್ಕಿತು. ನುಣ್ಣನೆಯ ಕುತ್ತಿಗೆ, ತೆಳು ತಲೆ, ನಯವಾದ ಥ್ರೆಡ್ಡು. ಏಳಕ್ಕೂ ಒಂದೇ ತಾಯಿಯ ಮಕ್ಕಳ ಸ್ವರ.

ಬೇಕಾದದ್ದು ಆರು. ಏಳನೆಯದನ್ನು ಪರೀಕ್ಷೆಗೆ ಕೊಟ್ಟ. ಅದನ್ನು ವೈಸಿನಲ್ಲಿ ಕಚ್ಚಿಸಿ, ಸ್ಪಾನರಿಗೆ ಮಾರುದ್ದದ ಪೈಪು ತೊಡಿಸಿ ಲೋಕಯ್ಯ ಜೋತುಬಿದ್ದ. ಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ಅಕ್ಕು ಬಂದು ಜೋತುಬಿದ್ದಳು. ಊಹೂಂ. ಕೊನೆಗೆ ಬಲ್ಲಾಳರು ಶಲ್ಯ ಸೊಂಟಕ್ಕೆ ಬಿಗಿದು, "ಸರಿಯಿರಿ, ನಾನೂ ಬಂದೆ" ಎಂದು ಹಾರಿ ಹಿಡಿದರು. 'ಠಕ್' ಎಂದು ಬೋಲ್ಟು ತುಂಡಾಗಿ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಅಡಿಯಲ್ಲಿದ್ದ ಲೋಕಯ್ಯ ಬಿದ್ದಲ್ಲಿಂದಲೇ ತುಂಡು ಹೆಕ್ಕಿ ನೋಡಿದ. ಮುರಿದ ಜಾಗ ಜರಡಿ ಹಿಡಿದ ಬೂದಿಯಂತೆ ನುಣ್ಣಗಿತ್ತು, ಒಳ್ಳೆಯ ಉಕ್ಕಿನ ಗುರುತು.

"ಧನಿ, ಚಿನ್ನ! ಚಿನ್ನ!"

"ಚಿನ್ನ ಆಗಲಿ, ನೀನು ಮೊದಲು ನನ್ನ ಕಾಲು ಬಿಡು" ಎಂದರು ಬಲ್ಲಾಳರು.

ಹಬ್ಬದ ಮುನ್ನಾದಿನ ಆರು ಬೋಲ್ಟು ಚಕ್ರಕ್ಕೆ ಕೂತವು. ಎದುರೆದುರಿನದನ್ನು ಒಂದೊಂದಾಗಿ ಬಿಗಿದ. ಬಿಗಿದದ್ದು ತಿರುಗಿಬಿಡದಂತೆ ತಲೆಗಳಿಗೆ ತೂತು ಕೊರೆದು, ಒಂದರಿಂದ ಇನ್ನೊಂದಕ್ಕೆ ಕಬ್ಬಿಣದ ಸರಿಗೆ ಪೋಣಿಸಿದ. ಅಕ್ಕು ಬಾಗಿಲಲ್ಲಿ ನಿಂತು, "ನನಗೆ ಒಂದು ಮೊಳ ಮಲ್ಲಿಗೆ ತರಲಿಕ್ಕೆ ಆಗಲಿಲ್ಲ. ಬೋಲ್ಟಿಗೆ ಮಾಲೆ!" ಎಂದಳು. ಉಳಿದದ್ದು ಕ್ಲಚ್ಚಿನ ಪ್ಲೇಟು ಮತ್ತು ಅದನ್ನು ಒತ್ತುವ ಬಿಲ್ಲೆ. ನಾಳೆ ಬೆಳಗ್ಗೆ ಕೂರಿಸುವ ಎಂದು ಬಾಳೆಎಲೆಯ ಮೇಲೆ ಇಟ್ಟ.

ಬೆಳಗಾಯಿತು, ದೀಪಾವಳಿಯ ಎಣ್ಣೆಸ್ನಾನ. ಕುಲುಮೆಯ ಮನೆಯಲ್ಲಿ ಒಂದು ಕ್ರಮ ಇತ್ತು: ತೆಂಗಿನೆಣ್ಣೆ ಮುಟ್ಟಿಸದೆ ಯಾವ ಕಬ್ಬಿಣವೂ ಮನೆ ಬಿಟ್ಟು ಹೋಗಬಾರದು. ಮದುವೆಯಾಗಿ ಬಂದ ಮರುದಿನವೇ ಅಕ್ಕುವಿಗೆ ಅತ್ತೆ ಕಲಿಸಿದ ಮೊದಲ ಪಾಠ ಅದು. ಲೋಕಯ್ಯ ಬಚ್ಚಲಿಗೆ ಹೋದಾಗ ಅಕ್ಕು ಎಣ್ಣೆಯ ಗಿಂಡಿ ಹಿಡಿದು ಶೆಡ್ಡಿಗೆ ಬಂದಳು. ಎಲೆಯ ಮೇಲೆ ಒಣಗಿದ ಮುಖ ಮಾಡಿಕೊಂಡು ಎರಡು ಹೊಸ ಸಾಮಾನು. ಹಬ್ಬದ ದಿನ, ಪಾಪ! ಬಾಣಂತಿಗೆ ಹಚ್ಚುವ ಹಾಗೆ ನೀವಿ ನೀವಿ ಹಚ್ಚಿ, ಬಟ್ಟೆಯಲ್ಲಿ ಚೆಂದಕ್ಕೆ ಒರೆಸಿಟ್ಟಳು.

ಸ್ನಾನ ಮುಗಿಸಿ ಬಂದ ಲೋಕಯ್ಯ ಅವನ್ನು ಕೂರಿಸಿದ. ಎಣ್ಣೆಯ ಪರಿಮಳ ಬಂತು. ಬಾರದೆ ಇರುತ್ತದೆಯೇ? ಅವನ ತಲೆ, ಕೈ, ಮೀಸೆ ಎಲ್ಲ ಎಣ್ಣೆಯೇ. ಅವತ್ತು ಇಡೀ ಊರೇ ಎಣ್ಣೆ.

ಮಧ್ಯಾಹ್ನ ಮೋರಿಯ ಬಳಿ ಜನವೋ ಜನ. ಬಲ್ಲಾಳರು ಸ್ಟಿಯರಿಂಗು ಹಿಡಿದರು, ಪಕ್ಕದಲ್ಲಿ ಲೋಕಯ್ಯ, ಹಿಂದೆ ಹೊಸ ಸೀರೆಯ ಅಕ್ಕು. ವಾಸಪ್ಪ ಬಸ್ಸಿನಿಂದ 'ಪೋಂ ಪೋಂ' ಎಂದ, ಬಲ್ಲಾಳರು ಕಾಲು ಒತ್ತಿದರು. ಕಾರು ಹಾರಿತು! ಮೊದಲ ತಿರುವಿನಲ್ಲಿ ಬಸ್ಸು ಕಾಣಲೇ ಇಲ್ಲ. ಅಕ್ಕು ಒಂದು ಕೈಯಲ್ಲಿ ಸೆರಗು ಹಿಡಿದು, "ಅಯ್ಯಯ್ಯೋ, ಇನ್ನೂ ಜೋರು ಬಿಡಿ ಧನೀ!" ಎಂದು ಕಿರುಚಿದಳು.

ಎರಡನೆಯ ತಿರುವು ಕಡಿದಾದ ಏರು. ಎಂಜಿನು ಊಳಿಟ್ಟಿತು, ಕಾರು ಮಾತ್ರ ಮೆಲ್ಲಗಾಯಿತು. ಇನ್ನಷ್ಟು ಊಳಿಟ್ಟಿತು, ಕಾರು ನಿಂತೇಬಿಟ್ಟಿತು. ಹಿಂದಿನಿಂದ ವಾಸಪ್ಪನ ಬಸ್ಸು ಏದುಸಿರು ಬಿಡುತ್ತ ಬಂದು ದಾಟಿತು.

"ಬೋಲ್ಟು ಹಾರಿತಾ ಆಚಾರಿ? ಕತ್ತಿ ಮಸೆದು ಇಡುತ್ತೇನೆ!" ಪೋಂ, ಪೋಂ.

ಬಲ್ಲಾಳರ ಮುಖ ಬಿಳಿಚಿತು. "ಹೌದಾ ಲೋಕಯ್ಯಾ? ಬೋಲ್ಟೇ ಹೋಯಿತಾ?"

ಲೋಕಯ್ಯನ ಕೈ ತಾನಾಗಿ ಮೀಸೆಗೆ ಹೋಯಿತು. ಆದರೆ ಕಿವಿ ಎಂಜಿನಿನ ಕಡೆಗಿತ್ತು. ಬೋಲ್ಟು ಸಡಿಲಿದ್ದರೆ ಒಳಗೆ ಕುಟ್ಟಬೇಕು. ಕುಟ್ಟುತ್ತಿಲ್ಲ. ಚಕ್ರ ನೆಟ್ಟಗೆ ತಿರುಗುತ್ತಿದೆ, ಕ್ಲಚ್ಚು ಅದರ ಮೇಲೆ ಜಾರುತ್ತಿದೆ. ಯಾಕೆ? ಕಾಲಡಿಯ ಹಲಗೆ ಎತ್ತಿ, ಕ್ಲಚ್ಚಿನ ಮುಚ್ಚಳ ತೆಗೆದು ಮೂಗು ಇಟ್ಟ. ಹಪ್ಪಳ ಕಾಯಿಸುವ ಪರಿಮಳ ಘಮ್ಮೆಂದು ಬಂತು.

"ಅಕ್ಕೂ! ನೀನು ಎಂತ ಮಾಡಿದ್ದು?"

"ಎಂತದ್ದೂ ಇಲ್ಲಪ್ಪ. ಎಣ್ಣೆ ಹಚ್ಚಿದೆ. ನಿಮ್ಮ ಅಮ್ಮ ಹೇಳಿಕೊಟ್ಟದ್ದೇ ಅಲ್ವಾ?"

ಬಲ್ಲಾಳರು ಹಣೆಯನ್ನು ಸ್ಟಿಯರಿಂಗಿಗೆ ಚಚ್ಚಿಕೊಂಡರು. ಲೋಕಯ್ಯನಿಗೆ ಸಿಟ್ಟು ಬರುವ ಮೊದಲೇ ನಗು ಬಂತು, ನಗುವಿನ ಬೆನ್ನಿಗೇ ದಾರಿಯೂ ಹೊಳೆಯಿತು. ಎಣ್ಣೆ ಹಚ್ಚಿಕೊಂಡವರು ಆಮೇಲೆ ಮಾಡುವುದೇನು?

ರಸ್ತೆಯ ಮೇಲ್ಬದಿಯ ಮನೆಯ ಅಂಗಳಕ್ಕೆ ಅವನು ಓಡಿದ. ಆ ಮನೆಯ ಹಿರಿಯರಾದ ವೆಂಕಟಲಕ್ಷ್ಮಮ್ಮ ಮೊಮ್ಮಕ್ಕಳ ತಲೆ ಬಾಚುತ್ತಿದ್ದರು.

"ಅಮ್ಮಾ, ಸೀಗೆ ಹುಡಿ ಉಂಟಾ? ಉಳಿದದ್ದೆಲ್ಲ ಬೇಕು!"

"ಇಷ್ಟು ಹೊತ್ತಿಗೆ ಯಾರಿಗಪ್ಪಾ ಸ್ನಾನ?"

"ಕಾರಿಗೆ!"

ಸೀಗೆಯ ಭರಣಿ ಹಿಡಿದು ಓಡಿಬಂದ. ಬಲ್ಲಾಳರು ಕ್ಲಚ್ಚು ತುಳಿದು ಹಿಡಿದರು, ಎಂಜಿನು ತಿರುಗಿತು, ಲೋಕಯ್ಯ ಮುಚ್ಚಳದ ಬಾಯಿಂದ ಹಿಡಿ ಹಿಡಿ ಸೀಗೆ ಹುಡಿ ಒಳಗೆ ಎರಚಿದ. ಹುಡಿ ಕಾರಿನ ತುಂಬ ಎದ್ದಿತು. ಬಲ್ಲಾಳರು ಸೀನಿದರು, ಅಕ್ಕು ಸೀನಿದಳು, ಲೋಕಯ್ಯ ಸೀನಿದ ರಭಸಕ್ಕೆ ಭರಣಿಯೇ ಬರಿದಾಯಿತು.

"ಈಗ ಬಿಡಿ ಧನಿ... ಆಕ್ಷೀ!"

ಕ್ಲಚ್ಚು ಗಬಕ್ಕನೆ ಕಚ್ಚಿತು. ಕಾರು ಕಟ್ಟು ಬಿಚ್ಚಿದ ಹೋರಿಯಂತೆ ಹಾರಿ ಏರು ಹತ್ತಿತು, ಹಿಂದೆ ಕಂದು ಬಣ್ಣದ ಮೋಡ, ಒಳಗೆ ಮೂವರ ಸೀನು ಮತ್ತು ನಗು. ಏರಿನ ಕೊನೆಯ ತೊರೆಯ ಬಳಿ ವಾಸಪ್ಪನ ಬಸ್ಸು, ದಿನವೂ ನಿಲ್ಲುವ ಹಾಗೆ, ಕುದಿಯುವ ರೇಡಿಯೇಟರಿಗೆ ನೀರು ಕುಡಿಸುತ್ತ ನಿಂತಿತ್ತು. ಕೊಡ ಹಿಡಿದ ವಾಸಪ್ಪ ಬಾಯಿ ತೆರೆದ. ತೆರೆದ ಬಾಯಿಗೆ ಸೀಗೆಯ ಮೋಡ ಹೋಯಿತು. ಪಾಪ, ಅವನೂ ಸೀನಿದ.

ಕಟ್ಟೆಯ ಬಳಿ ಬಸ್ಸು ಬಂದು ಮುಟ್ಟಿದಾಗ ಲೋಕಯ್ಯ ಮೀಸೆ ಕೊಡವಿಕೊಳ್ಳುತ್ತಿದ್ದ.

"ಬೋಲ್ಟು ತೋರಿಸು" ಎಂದ ವಾಸಪ್ಪ. ಮುಚ್ಚಳದೊಳಗೆ ಟಾರ್ಚು ಬಿಟ್ಟು, ಜನ ಚಕ್ರ ತಿರುಗಿಸಿದಂತೆ ಒಂದೊಂದು ತಲೆಯನ್ನೂ ಸಂದಿಯಿಂದ ನೋಡಿದ. ಒಂದು, ಎರಡು, ಮೂರು... ಆರು. ಸರಿಗೆ ಒಂದೆಳೆ ಅಲುಗಿರಲಿಲ್ಲ. ಟಾರ್ಚು ಆರಿಸಿ, "ಕುತ್ತಿಗೆ ನುಣ್ಣಗೆ ಇರಬೇಕು ಅಂದೆಯಲ್ಲ, ಅದು ಹೌದು ಮಾರಾಯ" ಎಂದ. ಮತ್ತೆ ಬಸ್ಸಿಗೆ ಹೋಗಿ, ಹಾರನನ್ನು ತನ್ನ ಕೈಯಿಂದಲೇ ಬಿಚ್ಚಿ, ಮಗುವನ್ನು ಕೊಡುವ ಹಾಗೆ ಕೊಟ್ಟ. ಹೊಸ ಹಾರನು ಬರುವ ತನಕ ಹದಿನೈದು ದಿನ ಅವನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಪೋಂ! ಪೋಂ!" ಎಂದು ಬಾಯಲ್ಲೇ ಕೂಗುತ್ತ ಹೋದ.

ಹಾರನು ಲೋಕಯ್ಯನ ಅಡಿಗೆಮನೆಯ ಕಿಟಕಿಗೆ ಹೋಯಿತು. ಊಟಕ್ಕೆ ಕರೆಯಲು ಅಕ್ಕು ಒಮ್ಮೆ ಒತ್ತುತ್ತಿದ್ದಳು. ಬರುವುದು ತಡವಾದರೆ ಎರಡು ಸಲ. ಮೂರು ಸಲ ಕೇಳಿದರೆ, ಎಣ್ಣೆಯ ಗಿಂಡಿ ಹಿಡಿದು ಶೆಡ್ಡಿಗೇ ಬರುತ್ತೇನೆ ಎಂದು ಅರ್ಥ. ಮೂರನೆಯದು ಮುಗಿಯುವ ಮೊದಲೇ ಲೋಕಯ್ಯ ಎಲೆಯ ಮುಂದೆ ಕೂತಿರುತ್ತಿದ್ದ.