ನಬೀಸಾಬ ವಕೀಲರ ಎರಡು ಪೊಟ್ಟಣ

ನಬೀಸಾಬ ವಕೀಲರ ಕರಿ ಕೋಟಿನ ಎರಡೂ ಜೇಬಿನಲ್ಲಿ ಶೇಂಗಾ ಚಟ್ನಿಯ ಪೊಟ್ಟಣಗಳು ಇರುತ್ತಿದ್ದವು. ಎಡಗಡೆ ಅಸಲಿ, ಬಲಗಡೆ ನಕಲಿ. ಎಣ್ಣೆ ಸೋರಿ ಕೋಟಿನ ಎರಡೂ ಬದಿ ಕಲೆಯಾಗಿತ್ತು. ಶಹಾಪುರ ಕೋರ್ಟಿಗೆ ಹೊಸದಾಗಿ ಬಂದವರು ಇವರು ವಕೀಲರೋ ಖಾನಾವಳಿ ನಡೆಸುವವರೋ ಎಂದು ನಗುತ್ತಿದ್ದರು.

ಸರ್ಕಾರಿ ವಕೀಲಿಕೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಿಡಿದದ್ದು ಒಂದೇ ಹುಚ್ಚು. ನಮ್ಮ ಜಿಲ್ಲೆಯ ಪೊಲೀಸರಿಗೆ, ಅಧಿಕಾರಿಗಳಿಗೆ, ಹೊಸ ನ್ಯಾಯಾಧೀಶರಿಗೆ ಟ್ರೇಡ್‌ಮಾರ್ಕ್ ಕಾಯ್ದೆ ಕಲಿಸಬೇಕು. ಕೋರ್ಟಿನ ಟೈಪಿಸ್ಟಳಾದ ನನಗೆ ತರಬೇತಿಯ ದಿನ ಕುರ್ಚಿ ಹಾಕಿಸುವ, ಊಟ ತರಿಸುವ ಕೆಲಸ. ಬಂದವರು ನನ್ನನ್ನು ಕೇಳುತ್ತಿದ್ದದ್ದು ಊಟಕ್ಕೆ ಏನಿದೆ ಎಂದಷ್ಟೇ. ವಕೀಲರು ಅದಕ್ಕೆಲ್ಲ ಸೊಪ್ಪು ಹಾಕದೆ ಎರಡೂ ಪೊಟ್ಟಣಗಳನ್ನು ಕೈಯಿಂದ ಕೈಗೆ ದಾಟಿಸಿ, ಯಾವುದು ಅಸಲಿ ಎಂದು ಕೇಳುತ್ತಿದ್ದರು. ಯಾರಿಗೂ ತಿಳಿಯುತ್ತಿರಲಿಲ್ಲ.

“ತಗೊಳ್ಳೋ ಮಂದಿಗೆ ತಿಳಿಯಂಗಿಲ್ಲ, ಬಿಡ್ರಿ. ನಿಮಗ ತಿಳೀಬೇಕು. ಅದಕ್ಕ ಸರ್ಕಾರ ನಿಮಗ ಪಗಾರ ಕೊಡತದ,” ಎನ್ನುತ್ತಿದ್ದರು.

ಅಸಲಿ ಪೊಟ್ಟಣ ಸುರಪುರದ ಮಲ್ಲಮ್ಮನದು. ಅದರ ಮೇಲೆ ಮೂಗುತಿ ಇಟ್ಟ ಒಬ್ಬ ಮುದುಕಿಯ ಚಿತ್ರ. ಅದು ಮಲ್ಲಮ್ಮನ ತಾಯಿ. ಚಟ್ನಿ ಕುಟ್ಟುವುದನ್ನು ಮಗಳಿಗೆ ಕಲಿಸಿ ತೀರಿಹೋದವಳು. ಆ ಮುಖವನ್ನು ಟ್ರೇಡ್‌ಮಾರ್ಕ್ ಎಂದು ನೋಂದಣಿ ಮಾಡಿಸಿಕೊಟ್ಟವರು ವಕೀಲರೇ. ಹುಣಸಗಿಯ ವ್ಯಾಪಾರಿಯೊಬ್ಬ ಮುಖವನ್ನೂ ಬಿಡದೆ ನಕಲು ಹೊಡೆದು, ಅಗ್ಗದ ದರಕ್ಕೆ ಊರೂರಿಗೆ ಹಂಚಿದ. ಹಳಸಿದ ಎಣ್ಣೆಯ ವಾಸನೆ ಬಂದರೆ ಜನ ಬೈಯುತ್ತಿದ್ದದ್ದು ಮಲ್ಲಮ್ಮನನ್ನು. “ನಮ್ಮವ್ವನ ಮಾರಿ ನೋಡಿ ಮಂದಿ ಉಗಳಾಕತ್ತಾರ್ರಿ,” ಎಂದು ಆಕೆ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ನಾನೇ ಕಂಡಿದ್ದೇನೆ.

ಇಂಥ ಮಾಲು ಹಿಡಿಯಲು ಸಣ್ಣ ಪೊಲೀಸ್ ಅಧಿಕಾರಿ ಹೋದರೆ ನಡೆಯುವುದಿಲ್ಲ. ಡಿವೈಎಸ್ಪಿಯೇ ಹೋಗಬೇಕು, ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ತರಿಸಬೇಕು. ವಕೀಲರು ಪ್ರತಿ ತರಬೇತಿಯಲ್ಲೂ ಗಂಟಲು ಹರಿಯುವಂತೆ ಹೇಳುತ್ತಿದ್ದದ್ದು ಇದನ್ನೇ. ಆಗಿನ ಡಿವೈಎಸ್ಪಿ ಹಾಗೇ ಮಾಡಿದರು. ದಾಳಿಯಲ್ಲಿ ಸಿಕ್ಕ ನಕಲಿಗೆ ಒಂದು ಚೀಲ, ಹೋಲಿಸಿ ನೋಡಲು ಮಲ್ಲಮ್ಮ ಕೊಟ್ಟ ಅಸಲಿಗೆ ಒಂದು ಚೀಲ. ಎರಡಕ್ಕೂ ಅರಗಿನ ಮುದ್ರೆ ಬಿತ್ತು. ಆ ದಿನ ವಕೀಲರು ಕೋರ್ಟಿನವರಿಗೆಲ್ಲ ಮಿರ್ಚಿ ಭಜಿ ತಿನ್ನಿಸಿದರು. ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆ ಕಾಣಲಿಲ್ಲ.

ಪ್ರಕರಣ ವಿಚಾರಣೆಗೆ ಬರುವಷ್ಟರಲ್ಲಿ ಆ ಡಿವೈಎಸ್ಪಿಗೂ, ತರಬೇತಿಗೆ ಕೂತಿದ್ದ ನ್ಯಾಯಾಧೀಶರಿಗೂ ವರ್ಗವಾಗಿತ್ತು. ನಡುವೆ ಆಯುಧ ಪೂಜೆಯೂ ಬಂದು ಹೋಗಿತ್ತು. ಠಾಣೆಯ ಮುದ್ದೆಮಾಲು ಕೋಣೆಯನ್ನು, ಅಂದರೆ ಜಪ್ತಿ ಮಾಡಿದ ಸಾಮಾನು ಇಡುವ ಕೋಣೆಯನ್ನು, ಅವತ್ತು ತೊಳೆದು ಪೂಜೆ ಮಾಡುವುದು ರೂಢಿ. ಹವಾಲ್ದಾರ್ ಭೀಮಣ್ಣ ಭಕ್ತಿಯಿಂದ ತೊಳೆದ. ಇಲಿ ಕಡಿದಿದ್ದ ಆ ಎರಡೂ ಚೀಲ ಬಿಸಾಕಿ, ಪೊಟ್ಟಣಗಳನ್ನೆಲ್ಲ ಒಂದು ಹೊಸ ಚೀಲಕ್ಕೆ ತುಂಬಿ, ಕುಂಕುಮ ಹಚ್ಚಿ ಇಟ್ಟ.

ಹೀಗೇಕೆ ಮಾಡಿದೆ ಎಂದು ಹೊಸ ನ್ಯಾಯಾಧೀಶರು ಕೇಳಿದಾಗ ಅವನು ಕೈಕಟ್ಟಿ ನಿಂತು ಹೇಳಿದ: “ಎರಡರ ಮ್ಯಾಲೂ ಅದೇ ಮುದುಕಿ ಇದ್ದಳ್ರಿ ಸಾಹೇಬ್ರ. ಒಂದೇ ಮಾಲು ಅಂತ ಕೂಡಿಸೀನ್ರಿ.”

ಭೀಮಣ್ಣ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಆ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನೋಡಿದವನು. ಯಾವ ಪೊಟ್ಟಣ ಎಲ್ಲಿ ಸಿಕ್ಕಿತೆಂದು ಹೇಳಲಾಗದೆ ಆರೋಪಿ ಖುಲಾಸೆಯಾದ. ನನಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು, ಆದರೆ ತೀರ್ಪು ಟೈಪ್ ಮಾಡಿದವಳು ನಾನೇ.

ಆಮೇಲೂ ಅವರು ಒಂದೆರಡು ತರಬೇತಿ ಮಾಡಿದರು. ದನಿಯಲ್ಲಿ ಜೀವವಿರಲಿಲ್ಲ. ಮುಂದೆ ಕಾಲಿನ ಶಕ್ತಿ ಹೋಗಿ ಮನೆ ಹಿಡಿದರು. ಒಮ್ಮೆ ಅವರನ್ನು ನೋಡಲು ಹೊರಟಾಗ ದಾರಿಯಲ್ಲಿ ಸುರಪುರದ ಬಸ್‌ ನಿಲ್ದಾಣದ ಅಂಗಡಿಯಲ್ಲಿ ಒಂದು ಚಟ್ನಿ ಪೊಟ್ಟಣ ಕೊಂಡೆ. ಮೇಲೆ ಅದೇ ಮುದುಕಿ, ಕೆಳಗೆ ಹುಣಸಗಿಯ ವಿಳಾಸ. ಮಲ್ಲಮ್ಮನ ಸುದ್ದಿಯನ್ನೂ ಅಂಗಡಿಯವನೇ ಹೇಳಿದ.

ವಕೀಲರು ಚಿಟಿಕೆ ಚಟ್ನಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ದಿನಕ್ಕೆ ಅವರ ಮುಖ ಅರಳಿತು.

“ಇದು ಮಲ್ಲವ್ವನ ಕೈ ರುಚಿ. ಮತ್ತ ಸುರು ಮಾಡ್ಯಾಳೇನು ತಂಗಿ?”

ಸುಳ್ಳು ಹೇಳಬಹುದಿತ್ತು, ಅವರೆದುರು ಬಾಯಿ ಬರಲಿಲ್ಲ. ಮಲ್ಲಮ್ಮ ತನ್ನ ಕುಟ್ಟುವ ಯಂತ್ರ ಮಾರಿದ್ದಾಳೆ, ಈಗ ಹುಣಸಗಿಯ ಅದೇ ವ್ಯಾಪಾರಿಯ ಹತ್ತಿರ ಚಟ್ನಿ ಕುಟ್ಟುವ ಕೂಲಿಗೆ ಹೋಗುತ್ತಾಳೆ, ಇದು ಅಲ್ಲಿಯದೇ ಎಂದೆ.

ಅವರು ಪೊಟ್ಟಣವನ್ನು ತಿರುಗಿಸಿ ಮುದುಕಿಯ ಮುಖವನ್ನು ಬಹಳ ಹೊತ್ತು ನೋಡಿದರು.

“ಹಂಗಾರ ಇದನ್ನ ಯಾವ ಕಿಸೆದಾಗ ಇಟ್ಕೊಳ್ಲಿ, ತಂಗಿ?”

ಆ ವರ್ಷ ರಮಜಾನ್‌ಗೆ ಮುಂಚೆ ಅವರು ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ಅವರ ಮನೆಯಲ್ಲಿ ಕರಿ ಕೋಟು ಇನ್ನೂ ಗೂಟಕ್ಕೆ ನೇತಾಡುತ್ತಿತ್ತು. ಎರಡೂ ಜೇಬು ಮುಟ್ಟಿ ನೋಡಿದೆ, ಖಾಲಿಯಿದ್ದವು.