ನಾಲ್ಕು ಗಂಟೆಯ ಬೆಲ್ಲ ನೀರು

ಮೊನ್ನೆ ಮೊಮ್ಮಗಳು ಅಂಗಡಿಯಿಂದ ಓಲೆಬೆಲ್ಲ ತಂದಿದ್ದಳು. ಒಣಗಿದ ಓಲೆ ಬಿಚ್ಚಿದ ಕೂಡಲೇ ಬಂದ ಆ ಕರಿಬೆಲ್ಲದ ವಾಸನೆ ನನ್ನನ್ನು ಸೀದಾ ಲಾಯಿಲದ ಒಂದು ಜಗಲಿಗೆ ಕರೆದೊಯ್ಯಿತು... ಅರುವತ್ತು ವರ್ಷದ ಹಿಂದಿನ ಜಗಲಿ. ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಸಕ್ಕರೆ ಕಾಯಿಲೆ ಮಾರಾಯ್ತಿ ಎಂದು ಅವಳಿಗೆ ಸುಳ್ಳು ಹೇಳಿದೆ.

ನನಗಾಗ ಇಪ್ಪತ್ತಮೂರು. ಮೂಡಬಿದ್ರೆಯಿಂದ ಹೋಗಿ ಬೆಳ್ತಂಗಡಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ಲಾಯಿಲದಲ್ಲಿ ಬಾಡಿಗೆ ಕೋಣೆ. ಆಚೆಮನೆಯಲ್ಲಿ ಒಬ್ಬರು ಅಕ್ಕ, ನಲುವತ್ತರ ಆಸುಪಾಸಿನವರು, ಮಕ್ಕಳಿಲ್ಲ. ಗಂಡ ಪೇಟೆಯ ಹೋಟೆಲಿನಲ್ಲಿ ಅಡುಗೆಯವರಾಗಿದ್ದು, ಆ ಮಳೆಗಾಲದ ಮೊದಲು ಕಾಮಾಲೆಯಲ್ಲಿ ತೀರಿಹೋಗಿದ್ದರು. ಅಕ್ಕನ ಪಾಲಿಗೆ ಉಳಿದದ್ದು ಆ ಮನೆ ಮತ್ತು ಕರಿಯ ಎಂಬ ನಾಯಿ. ನಾನು ಬರೀ ಕಂಪೌಂಡರ್ ಎಂದು ಎಷ್ಟು ಸಲ ಹೇಳಿದರೂ ಅವರು ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಕೇಳಲು ಸುಖವಾಗಿತ್ತು, ಹಾಗಾಗಿ ನಾನೂ ಹೆಚ್ಚು ಹೇಳಲು ಹೋಗಲಿಲ್ಲ.

ಕರಿಯನ ಬೊಗಳಾಟ ಮಾತ್ರ ಪ್ರಾಣ ತಿನ್ನುತ್ತಿತ್ತು. ದಿನಾ ನಾಲ್ಕು ಗಂಟೆಗೆ ಸರಿಯಾಗಿ ಸರಪಳಿ ಜಗ್ಗಿ, ಹಿಂಗಾಲಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಅರ್ಧ ಗಂಟೆ ಬೊಗಳುತ್ತಿತ್ತು. ಎದುರಿಗೆ ಪಾಗಾರದ ಗೋಡೆ, ಅದರಾಚೆ ಆಕಾಶ, ಅಷ್ಟೆ. ನಾನು ಆಸ್ಪತ್ರೆ ಮುಗಿಸಿ ಬಂದು ಇಲಾಖೆಯ ಪರೀಕ್ಷೆಗೆ ಓದುತ್ತಿದ್ದೆ. ಆ ಹೊತ್ತಿಗೆ ಪುಸ್ತಕ ಮಡಚಿಡಬೇಕಾಗುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ದಿನ ದೂರು ಹೇಳಲೆಂದೇ ಹೋದೆ. ಅಕ್ಕ ಜಗಲಿಯ ಅಂಚಿನಲ್ಲಿ ಒಂದು ತಂಬಿಗೆ ನೀರು, ಚಿಕ್ಕ ತಟ್ಟೆಯಲ್ಲಿ ಒಂದು ತುಂಡು ಓಲೆಬೆಲ್ಲ ಇಟ್ಟು ಕೂತಿದ್ದರು. ಬಿಸಿಲಿಗೆ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದು ಅದನ್ನೇ. ಯಾರು ಬರುವವರಿದ್ದಾರೆ ಎಂದು ಕೇಳಿದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಅವರು ಹೋಟೆಲಿಂದ ಬರುವ ಹೊತ್ತಲ್ಲವಾ ಡಾಕ್ಟ್ರೇ. ನಮಗೆ ಕಾಣುವುದಿಲ್ಲ. ನಾಯಿಗೆ ಕಾಣ್ತದೆ."

ಸತ್ತವರು ಕುಲೆಯಾಗಿ ಮನೆಯ ಸುತ್ತ ಇರುತ್ತಾರೆ, ನಾಯಿಯ ಕಣ್ಣಿಗೆ ಬೀಳುತ್ತಾರೆ ಎಂದು ನಮ್ಮಲ್ಲಿ ನಂಬುತ್ತಾರೆ. ನನ್ನ ಅಜ್ಜಿಯೂ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಿದ್ದವಳು. ಅದನ್ನು ನೋಡಿಯೇ ಬೆಳೆದವನು ನಾನು. ಆದರೂ ಅಂದು ಒಳಗೊಳಗೆ ನಕ್ಕೆ. ನಾಲ್ಕು ಪುಸ್ತಕ ಓದಿದ ಕೊಬ್ಬು, ಇನ್ನೇನು.

ನಾಯಿ ಸುಮ್ಮನೆ ಬೊಗಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮರುದಿನ ನಾಲ್ಕಕ್ಕೆ ಪಾಗಾರದ ಆಚೆ ಹೋಗಿ ನಿಂತೆ. ಅಲ್ಲಿ ಆಳೆತ್ತರ ತಗ್ಗಿನಲ್ಲಿ ಒಂದು ಓಣಿ ಉಂಟು, ಜಗಲಿಯಲ್ಲಿ ಕೂತವರಿಗೆ ಅದರಲ್ಲಿ ನಡೆಯುವವರ ತಲೆಯೂ ಕಾಣುವುದಿಲ್ಲ. ಮೀನು ಮಾರುವ ಹೆಂಗಸು ಖಾಲಿ ಬುಟ್ಟಿ ಹೊತ್ತು ಬಂದಳು. ಮಳೆಗೆ ಆಚೆಯ ಹಳ್ಳ ದಾಟುವ ಸಂಕ ಮುರಿದ ಮೇಲೆ ಅವಳು ದಿನಾ ಈ ದಾರಿಯಲ್ಲೇ ಮನೆಗೆ ಹೋಗುತ್ತಿದ್ದಳಂತೆ. ಬುಟ್ಟಿ ಖಾಲಿಯಾದ ಮೇಲೆ ಯಾಕೆ ಕೂಗುವುದು? ಸದ್ದಿಲ್ಲದೆ ಹೋಗುತ್ತಿದ್ದಳು. ಕರಿಯನಿಗೆ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಬೊಗಳಿದರೆ ವಾಸನೆ ದೂರ ಹೋಗುತ್ತದೆ. ಓಡಿಸಿದ್ದು ತಾನೇ ಎಂದು ನಾಯಿಯ ಲೆಕ್ಕ. ಹಾಗಾಗಿ ದಿನದಿಂದ ದಿನಕ್ಕೆ ಜೋರು. ಅದರ ಮೇಲೆ, ಯಜಮಾನರ ಹಿಂದೆ ಊರು ಸುತ್ತುತ್ತಿದ್ದ ಪ್ರಾಣಿ ಅವರು ಹೋದ ಮೇಲೆ ಸರಪಳಿ ಬಿಟ್ಟು ಕದಲಿರಲಿಲ್ಲ.

ನನ್ನ ಚಿಕಿತ್ಸೆ ಶುರುವಾಯಿತು. ಬೆಳಿಗ್ಗೆ ಕರಿಯನನ್ನು ತಿರುಗಾಡಿಸಿಕೊಂಡು ಬರುತ್ತೇನೆ ಎಂದಾಗ ಅಕ್ಕನಿಗೆ ಖುಷಿಯೇ ಆಯಿತು. ಬರುವಾಗ ದಾರಿಯಲ್ಲಿ ಮೀನಿನವಳನ್ನು ಕಂಡು, ಅವಳ ಕೈಯಿಂದಲೇ ಅದಕ್ಕೆ ಒಂದೊಂದು ಬೂತಾಯಿ ಮೀನಿನ ತಲೆ ಕೊಡಿಸಿದೆ. ಇದನ್ನು ಅಕ್ಕನಿಗೆ ಹೇಳಲಿಲ್ಲ. ಹದಿನೈದು ದಿನದಲ್ಲಿ ಅವಳ ವಾಸನೆ ಬಂದರೆ ಬಾಲ ಅಲ್ಲಾಡಿಸಿ ಮಲಗುವಷ್ಟಕ್ಕೆ ಬಂತು. ನಾಲ್ಕು ಗಂಟೆ ಸದ್ದಿಲ್ಲದೆ ದಾಟಿತು. ನಾನು ಹಾಯಾಗಿ ಓದಿದೆ. ಕಿಟಕಿಯಿಂದ ಒಮ್ಮೆಯಾದರೂ ಆ ಜಗಲಿಯ ಕಡೆ ನೋಡಬೇಕಿತ್ತು...

ಬೊಗಳುವುದು ನಿಂತ ಐದನೆಯ ದಿನವೋ ಆರನೆಯ ದಿನವೋ, ನಾನು ಆಸ್ಪತ್ರೆಯಿಂದ ಬೇಗ ಬಂದಿದ್ದೆ. ಅಕ್ಕ ಅಂಗಳದಿಂದಲೇ ಕರೆದರು. ಕಣ್ಣು ಊದಿಕೊಂಡಿತ್ತು. ಕರಿಯನ ಕಣ್ಣಿಗೆ ಏನಾದರೂ ರೋಗವಾ, ಒಮ್ಮೆ ನೋಡಿ ಎಂದರು. ಅವರು ಬರುವುದು ಅದಕ್ಕೆ ಕಾಣುತ್ತಿಲ್ಲ, ಅಥವಾ ತನ್ನಿಂದ ಏನೋ ತಪ್ಪಾಗಿ ಅವರೇ ಬರುವುದು ನಿಲ್ಲಿಸಿದ್ದಾರೆ ಎಂದು ಸೆರಗಿನಲ್ಲಿ ಮುಖ ಒತ್ತಿಕೊಂಡರು.

ಆಗಲಾದರೂ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಕಣ್ಣಿಗೆ ಮದ್ದು ಹಾಕುವ ನಾಟಕ ಆಡಬಹುದಿತ್ತು. ನಾನು ಎಲ್ಲವನ್ನೂ ಹೇಳಿದೆ. ಓಣಿ, ಮೀನಿನವಳು, ಮುರಿದ ಸಂಕ, ಬೂತಾಯಿ ತಲೆ... ಪಾಠ ಹೇಳುವವನ ಹಾಗೆ ಹೇಳಿದೆ. ಅವರ ಭಯ ಬಿಡಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಅಕ್ಕ ಪೂರ್ತಿ ಕೇಳಿದರು. ಅಳು ನಿಂತಿತು.

"ಹಾಗಾದರೆ ಅವರು ಒಂದು ದಿನವೂ ಬರಲಿಲ್ಲವಾ?" ಎಂದರು.

ಅವರು ಜಗಲಿಯ ಅಂಚಿನಲ್ಲಿದ್ದ ತಟ್ಟೆಯನ್ನೂ ತಂಬಿಗೆಯನ್ನೂ ತಂದು ನನ್ನ ಮುಂದೆ ಇಟ್ಟರು. "ನೀವಾದರೂ ತೆಕ್ಕೊಳ್ಳಿ ಡಾಕ್ಟ್ರೇ. ಬಿಸಿಲಿಗೆ ಬಂದಿದ್ದೀರಿ."

ನಾನು ಆ ಬೆಲ್ಲ ತಿಂದೆ. ನೀರೂ ಕುಡಿದೆ. ಇಷ್ಟು ವರ್ಷದಲ್ಲಿ ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಮರುದಿನದಿಂದ ಜಗಲಿಯಲ್ಲಿ ಏನೂ ಇರಲಿಲ್ಲ. ಅಕ್ಕ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಒಳ್ಳೆಯದಿತ್ತು. ಎರಡು ತಿಂಗಳಲ್ಲಿ ಮನೆಗೆ ಬೀಗ ಹಾಕಿ ವಾಮದಪದವಿನ ಅಣ್ಣನ ಮನೆಗೆ ಹೊರಟರು. ಕರಿಯನೂ ಜೊತೆಗೆ ಹೋಯಿತು, ತಲೆ ತಗ್ಗಿಸಿಕೊಂಡು, ಒಂದು ಸದ್ದೂ ಮಾಡದೆ. ಆಮೇಲೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ವಾಮದಪದವು ಏನು ದೂರವೇ? ಹೋಗಿ ನೋಡುವ ಎಂದು ಎಷ್ಟೋ ಸಲ ಹೊರಟಿದ್ದೆ. ಅವರು ತೀರಿಹೋದರೆಂದು ಕೇಳುವವರೆಗೂ ಹೊರಡುತ್ತಲೇ ಇದ್ದೆ.

ಈಗ ನನ್ನ ಹೆಂಡತಿ ಹೋಗಿ ಮೂರು ವರ್ಷ. ಪಕ್ಕದ ಮನೆಯಲ್ಲಿ ಒಂದು ನಾಯಿ ಉಂಟು, ಸಂಜೆ ಅವಳು ದೇವಸ್ಥಾನದಿಂದ ಬರುತ್ತಿದ್ದ ಹೊತ್ತಿಗೇ ಬೊಗಳಲು ಶುರು ಮಾಡುತ್ತದೆ. ಇದನ್ನು ನಿಲ್ಲಿಸುವುದು ಹೇಗೆ ಎಂದು ಆ ಮನೆಯವರು ಮೊನ್ನೆ ಕೇಳಿದರು. ಬೊಗಳಲಿ ಬಿಡಿ ಎಂದೆ.

ಅದು ಬೊಗಳಿದಾಗಲೆಲ್ಲ ನನ್ನ ಕಣ್ಣು ಗೇಟಿನ ಕಡೆ ಹೋಗುತ್ತದೆ. ಆದರೆ ಅದು ಹಾಲಿನವನ ಬೈಕಿಗೆ ಬೊಗಳುವುದು ಎಂದು ನನಗೆ ಗೊತ್ತು. ಅಕ್ಕನಿಗೆ ಒಂದು ಮಳೆಗಾಲವಿಡೀ ಇದ್ದದ್ದು ನನಗೆ ಒಂದು ಸಂಜೆಗೂ ಇಲ್ಲ.